ಆಚೆ ದಂಡೆಯ ಕಡಕ್ ರೊಟ್ಟಿ

ಬಿಳಿ ಬಟ್ಟೆಯ ಒಂದು ಮೂಲೆಯಲ್ಲಿ ಕೆಂಪು ದಾರದ ಮೂರು ಹೊಲಿಗೆ. ಒಳಗೆ ಹನ್ನೊಂದು ಕಡಕ್ ರೊಟ್ಟಿ. ಮೇಲಿನದರ ಅಂಚು ಮುರಿದಿದೆ.

ಈ ಬಟ್ಟೆಯ ಕತೆಯನ್ನು ನಾನು ಮೂರು ವರ್ಷದ ಹಿಂದೆ ಪತ್ರಿಕೆಯೊಂದಕ್ಕೆ ಬರೆದುಕೊಟ್ಟೆ. ನನ್ನ ಗೆಳತಿ ನಸೀಮಾ ನನ್ನನ್ನು ನಂಬಿ ತೋರಿಸಿದ ಜಾಗ, ಅವಳ ಗುಟ್ಟು, ಅವಳ ತಾಯಿ ರೊಟ್ಟಿ ಕಟ್ಟಿಕೊಡುವ ಬಟ್ಟೆ — ಎಲ್ಲವನ್ನೂ ಬರೆದೆ. "ನೀ ಬರದೇನು?" ಎಂದು ಅವಳು ಕೇಳಿದಾಗ "ಇಲ್ಲ" ಎಂದೆ. ಆ ಒಂದು ಶಬ್ದದಿಂದ ಏನೂ ಮಾಡದ ಇನ್ನೊಬ್ಬ ಹೆಂಗಸು ದ್ರೋಹಿಯಾದಳು. ಇದನ್ನು ಓದಿ ಯಾರಾದರೂ ಕನಿಕರ ತೋರಿಸಿದರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ. ಈಗಲೇ ಸಾಕಷ್ಟು ಬಂದಿದೆ.

ನಾನು ವಿಜಯಪುರದವಳು. ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ ನಮ್ಮ ಮನೆ. ನಸೀಮಾ ತಿಕೋಟಾದವಳು. ಎಂ.ಎ. ಓದುವಾಗ ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತವರು. ಅವಳ ಅಪ್ಪನದು ಒಣದ್ರಾಕ್ಷಿಯ ಶೆಡ್. ಮಂಗಳೂರಿನ ಬಂದರಿನಲ್ಲಿ ಅಂಗಡಿಯಿದ್ದ ವ್ಯಾಪಾರಿಯೊಬ್ಬರು ವರ್ಷವರ್ಷವೂ ಅಲ್ಲಿಂದ ಮಾಲು ಒಯ್ಯುತ್ತಿದ್ದರು. ಆ ಪರಿಚಯವೇ ಬೆಳೆದು ನಸೀಮಾ ಅವರ ಮನೆಯ ಸೊಸೆಯಾದಳು. ಅಲ್ಲಿಂದಾಚೆ ದ್ರಾಕ್ಷಿ ಪೆಟ್ಟಿಗೆಗಳ ಲಾರಿಯಲ್ಲಿ ತಿಂಗಳಿಗೊಮ್ಮೆ ಅವಳಿಗೆ ರೊಟ್ಟಿ ಹೋಗುತ್ತಿತ್ತು. ಬೇರೆ ಗಂಟುಗಳ ಜೊತೆ ಬೆರೆಯದಿರಲಿ ಎಂದು ಅವಳ ತಾಯಿ ಬಟ್ಟೆಗೆ ಕೆಂಪು ದಾರದ ಗುರುತು ಹಾಕುತ್ತಿದ್ದರು.

ನಾನು ಆಗ 'ಅಲೆಮಾರಿ' ಎಂಬ ಹೆಸರಿನಲ್ಲಿ ಒಂದು ಪತ್ರಿಕೆಯ ಪ್ರವಾಸ ಪುಟಕ್ಕೆ ಬರೆಯುತ್ತಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ನಸೀಮಾಳಿಗೂ. ನನ್ನ ವಿಷಯ ನಾಲ್ಕು ಜನರ ಬಾಯಲ್ಲಿ ಬರುವುದು ನನಗೆ ಆಗದು. ಕಾಲೇಜಿನ ಸ್ಮರಣ ಸಂಚಿಕೆಗೂ ಫೋಟೊ ಕೊಟ್ಟವಳಲ್ಲ. ಇಂಥವಳಿಗೆ ಸಂಪಾದಕರು ಫೋನಿನಲ್ಲಿ ಹೇಳಿದರು: "ಬೀಚು, ದೇವಸ್ಥಾನ ಎಲ್ಲರೂ ಬರೀತಾರಮ್ಮ. ಊರವರು ತಮ್ಮ ಊರನ್ನ ಹೇಗೆ ನೋಡ್ತಾರೆ, ಅದನ್ನ ಬರೀರಿ. ಒಳಗಿನದು ಬೇಕು."

ಒಳಗಿನದು. ಆ ಶಬ್ದ ಕೇಳಿ ನನಗೆ ಆಗಲೇ ಸಿಟ್ಟು ಬರಬೇಕಿತ್ತು. ಗೋಳಗುಮ್ಮಟದ ಊರಿನಲ್ಲಿ ಹುಟ್ಟಿದವಳು ನಾನು. ಹೊರಗಿನವರು ಬಂದು, ಚಪ್ಪಾಳೆ ತಟ್ಟಿ, ಏಳು ಸಲ ಕೇಳಿಸಿತೆಂದು ಕೂಗಿ, ಟಾಂಗಾದವನ ಮುಖದ ಮುಂದೆ ಮೊಬೈಲು ಹಿಡಿದು ಹೋಗುವುದನ್ನು ನೋಡುತ್ತ ಬೆಳೆದಿದ್ದೇನೆ. ಅವರನ್ನು ಕಂಡರೆ ನನಗೆ ಉರಿಯುತ್ತಿತ್ತು. ಆದರೂ ನಾನು ಮಂಗಳೂರಿನ ರೈಲು ಹತ್ತಿದೆ. "ರಜಾ ಅದ, ನಿನ್ನ ನೋಡಾಕ ಬರಾಕತ್ತೀನಿ" ಎಂದು ನಸೀಮಾಳಿಗೆ ಹೇಳಿ. ಬರೆಯುವ ವಿಷಯವನ್ನು ಎರಡನೆಯ ದಿನ ಹೇಳಿದೆ — "ಯಾವುದೋ ಪೇಪರಿಗೆ ಸ್ವಲ್ಪ ಟಿಪ್ಪಣಿ ಬೇಕಂತ" — ಅದೂ ಅರ್ಧ.

ನಾಲ್ಕು ದಿನ ಅವಳು ನನ್ನನ್ನು ನಡೆಸಿದಳು. "ಆಟೋದಾಗ ಕುಂತ್ರ ಈ ಊರು ಕಾಣಂಗಿಲ್ಲ ಬೇ, ಬರೇ ಇಳಿಜಾರ ಕಾಣತದ" ಎಂದಳು. ಬೆಳಕು ಹರಿಯುವ ಮೊದಲು ಮೀನಿನ ದೋಣಿಗಳು ಬಂದು ನಿಲ್ಲುವ ದಕ್ಕೆಗೆ ಕರೆದೊಯ್ದಳು. ನಾನು ಒಂದು ಮೀನನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದಾಗ ಮಾರುವ ಹೆಂಗಸು, "ಎಂತ ಅಕ್ಕ, ಮುಟ್ಟಿ ಮುಟ್ಟಿ ನೋಡುದು? ಮದುವೆಗೆ ಗಂಡು ಹುಡುಕ್ಲಿಕ್ಕೆ ಬಂದದ್ದಾ?" ಎಂದಳು. ನಸೀಮಾ ನಗುತ್ತ ಬುಟ್ಟಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಹಳೆಯ ಹೆಂಚಿನ ಗೋದಾಮುಗಳ ನಡುವಿನ ಓಣಿಗಳು; ಒಂದರಲ್ಲಿ ಮೆಣಸಿನ ವಾಸನೆ, ತಿರುಗಿದರೆ ಒಣಮೀನು, ಇನ್ನೊಂದು ತಿರುವಿನಲ್ಲಿ ನಮ್ಮ ತಿಕೋಟಾದ ದ್ರಾಕ್ಷಿ. ಹೆಂಚಿನ ಕಾರ್ಖಾನೆಯ ಮುರಿದ ಚಿಮಣಿ, ಅದರ ನೆತ್ತಿಯಲ್ಲಿ ಬೆಳೆದ ಅರಳಿ ಗಿಡ. ಎಲ್ಲವನ್ನೂ ಅವಳು ತಾನೇ ಕಟ್ಟಿಸಿದವಳ ಹಾಗೆ ತೋರಿಸಿದಳು.

ಮನೆಯಲ್ಲಿ ನಲ್ಲಿ ಒಮ್ಮೆ ಗೊರ್ ಎಂದರೆ ಸಾಕು, ಎದ್ದು ಹೋಗಿ ಕೊಡ, ಬಕೆಟ್ಟು, ಅನ್ನದ ಪಾತ್ರೆ ಕೂಡ ತುಂಬಿಸಿಡುತ್ತಿದ್ದಳು. ನಮ್ಮ ಕಡೆಯ ರೂಢಿ. ನೀರು ಬಂದ ದಿನ ತುಂಬಿಡದಿದ್ದರೆ ವಾರ ಕಾಯಬೇಕು. ಅವಳ ಅತ್ತೆ ನನ್ನ ಕಡೆ ನೋಡಿ, "ಇವಳಿಗೆ ನಾಳೆ ಸಮುದ್ರವೇ ಬತ್ತುತ್ತದೆ ಅಂತ ಹೆದರಿಕೆ" ಎಂದು ನಕ್ಕರು. ನನ್ನ ತಟ್ಟೆಗೆ ಎರಡನೆಯ ಸಲ ಮೀನು ಬಡಿಸಿದರು. ಆ ಹೆಂಗಸು ಎಂಥವರು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬರೆದೆ.

ಮೂರನೆಯ ದಿನ ಮಧ್ಯಾಹ್ನ ಬಂದರಿನಿಂದ ದೋಣಿ ಹತ್ತಿಸಿದಳು. ನದಿ ದಾಟಿದರೆ ಬೆಂಗ್ರೆ. ಈಚೆ ನದಿ, ಆಚೆ ಸಮುದ್ರ, ನಡುವೆ ಒಂದು ಪಟ್ಟಿ ಮರಳು. ಗಾಳಿಮರಗಳ ಕೆಳಗೆ ಜುಲೇಖಾ ಎಂಬಾಕೆಯ ಮನೆ. ಬಲೆ ಹೆಣೆಯುವವರು. ಮನೆಯ ಮುಂದೆ ಮಗುಚಿ ಹಾಕಿದ ಹಳೆಯ ದೋಣಿ. ಜುಲೇಖಾ ಒಳಗಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತಂದುಕೊಟ್ಟರು. ಅದರಲ್ಲಿ ನಸೀಮಾಳ ಪುಸ್ತಕಗಳು — ಹೈಸ್ಕೂಲು ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುವ ಪುಸ್ತಕಗಳು. ಮನೆಯಲ್ಲಿ ಹೊಲಿಗೆ ಕ್ಲಾಸು ಎಂದು ಹೇಳಿ ದಿನಾ ಒಂದೂವರೆ ಗಂಟೆ ಅವಳು ಇಲ್ಲಿ ಓದುತ್ತಿದ್ದಳು.

"ಯಾಕ ಮುಚ್ಚಿಡತೀ?" ಎಂದೆ.

"ಒಮ್ಮೆ ನಪಾಸಾಗೀನಿ. ಆವಾಗ ಮನಿ ಮಂದಿ ಎಲ್ಲಾರೂ ಸಮಾಧಾನ ಮಾಡಿದ್ರು ನೋಡು — ಯಪ್ಪಾ, ಬೈದಿದ್ರ ಚಲೋ ಇತ್ತು. ಅತ್ತಿ ಬಿರಿಯಾನಿ ಮಾಡಿದ್ರು, ನಪಾಸಾದದ್ದಕ್ಕ." ಬಟ್ಟೆಯ ಗಂಟು ಬಿಚ್ಚಿ ರೊಟ್ಟಿ ಮುರಿದು ಜುಲೇಖಾ ಕೊಟ್ಟ ಮೀನಿನ ಸಾರಿಗೆ ಹಾಕಿದಳು. "ಈ ಸಲ ಪಾಸಾದಮ್ಯಾಲ ಹೇಳತೀನಿ. ಬಿದ್ರ ನನಗೊಬ್ಬಾಕಿಗೇ ಗೊತ್ತಿರಲಿ. ಏನ್ ಬೇಕಾದ್ರ ಬರಿ ನೀ, ಇದೊಂದು ಬರೀಬ್ಯಾಡ."

ಆಗಲಿ ಎಂದು ತಲೆಯಾಡಿಸಿದೆ.

ನನ್ನಂಥವಳಿಗೆ ಇದು ಎಷ್ಟು ಅರ್ಥವಾಗಬೇಕಿತ್ತು. ಸೋಲುವಾಗ ಯಾರೂ ನೋಡದಿರಲಿ ಎಂದು ಬಯಸುವುದು — ನಾನು ಬದುಕಿದ್ದೇ ಹಾಗೆ. ಆದರೆ ಊರಿಗೆ ಬಂದು ಬರೆಯಲು ಕೂತಾಗ ದಕ್ಕೆ, ಗೋದಾಮು, ಚಿಮಣಿ ಎಲ್ಲ ಸಪ್ಪೆಯಾಗಿ ಕಂಡವು. ಜೀವ ಇದ್ದದ್ದು ಆ ಮಗುಚಿದ ದೋಣಿಯ ಹತ್ತಿರ ಮಾತ್ರ. ಬರೆದೆ. ಹೆಸರು ಬದಲಿಸಿದೆ. ಹೊಲಿಗೆ ಕ್ಲಾಸನ್ನು ಕಸೂತಿ ಕ್ಲಾಸು ಮಾಡಿದೆ. ಜಾಗವನ್ನು ಬದಲಿಸಲಿಲ್ಲ — ಓದುಗರು ಹೋಗಿ ನೋಡಬೇಕಲ್ಲ. ಇಷ್ಟು ಸಾಕು, ಯಾರಿಗೆ ಗೊತ್ತಾಗುತ್ತದೆ ಎಂದು ನನಗೆ ನಾನೇ... ಇಲ್ಲ, ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ನೆಪ.

ರೊಟ್ಟಿಯನ್ನು ಬದಲಿಸಲಿಲ್ಲ. ಬಟ್ಟೆಯನ್ನೂ. ನಮ್ಮಲ್ಲಿ ಕಡಕ್ ರೊಟ್ಟಿ ಇಲ್ಲದ ಮನೆ ಯಾವುದು? ವಿಜಯಪುರದಲ್ಲಿ "ಕಡಕ್ ರೊಟ್ಟಿ ತಿನ್ನುವ ಹೆಂಗಸು" ಎಂದರೆ "ಉಸಿರಾಡುವ ಹೆಂಗಸು" ಎಂದ ಹಾಗೆ. ಅದೊಂದು ಗುರುತು ಎಂದು ನನಗೆ ಹೊಳೆಯಲೇ ಇಲ್ಲ. ಊರವರ ಹಾಗೆ ಊರು ನೋಡುವುದನ್ನು ಕಲಿಸಲು ಹೊರಟವಳು ನಾನು. ಆ ಊರಿನ ಕಣ್ಣಿಗೆ ರೊಟ್ಟಿ ಹೇಗೆ ಕಾಣುತ್ತದೆ ಎಂದು ಯೋಚಿಸಲಿಲ್ಲ. ಬಂದರಿನಲ್ಲಿ ಜೋಳದ ರೊಟ್ಟಿಯನ್ನು ಮೀನಿನ ಸಾರಿಗೆ ಮುರಿದು ಹಾಕಿ ತಿನ್ನುವವಳು ಒಬ್ಬಳೇ. ಕೆಂಪು ದಾರದ ಆ ಬಟ್ಟೆಯನ್ನು ಒಗೆದು ಒಣಹಾಕುತ್ತಿದ್ದವಳು ಅವಳ ನಾದಿನಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಸೀಮಾ ಹೇಳಿದ ಕಾರಣವನ್ನು ನಾನು ಬರೆಯಲಿಲ್ಲ. ಬಿರಿಯಾನಿ ಮಾಡಿದ ಅತ್ತೆ ಲೇಖನಕ್ಕೆ ಒದಗುತ್ತಿರಲಿಲ್ಲ. "ಮನೆಯವರ ಕಣ್ಣು ತಪ್ಪಿಸಿ, ಬುರ್ಖಾದ ಮರೆಯಲ್ಲಿ ಪುಸ್ತಕಕ್ಕಾಗಿ ನದಿ ದಾಟುವ ಸೊಸೆ" ಎಂದು ಬರೆದೆ. ಒಂದೊಂದು ಶಬ್ದವೂ ನಿಜ, ಇಡೀ ವಾಕ್ಯ ಸುಳ್ಳು. ಅದನ್ನು ಓದಿದವರು ಏನು ತಿಳಿದುಕೊಳ್ಳುತ್ತಾರೆ ಎಂದು ನನಗೆ ಗೊತ್ತಿತ್ತು. ಸಂಪಾದಕರು ಆ ವಾಕ್ಯವನ್ನೇ ದಪ್ಪಕ್ಷರದಲ್ಲಿ ಚೌಕಟ್ಟು ಕಟ್ಟಿ ಹಾಕಿದರು. "ಪಾಪ, ಎಂಥ ಸೆರೆಮನೆ" ಎಂದು ಓದುಗರು ಪತ್ರ ಬರೆದರು. ಆ ಪತ್ರಗಳನ್ನು ನಾನು ಎರಡೆರಡು ಸಲ ಓದಿದೆ. ಖುಷಿಯಾಗಿತ್ತು.

ಪರೀಕ್ಷೆಗೆ ಹತ್ತೊಂಬತ್ತು ದಿನ ಉಳಿದಿತ್ತು.

ನಾದಿನಿ ಓದಿದಳು, ಅತ್ತೆಗೆ ತೋರಿಸಿದಳು. ಅತ್ತೆ ಓದಿ ಹರಿದು ಹಾಕಿದರು. ಬಂದರಿನ ಅಂಗಡಿಗಳಲ್ಲಿ ಮಾವನನ್ನು "ಸೊಸೆಗೆ ಓದ್ಲಿಕ್ಕೆ ಬಿಡುದಿಲ್ವಂತೆ ನೀವು?" ಎಂದು ಕೇಳಿದರು. ರವಿವಾರ ಬೆಂಗ್ರೆಗೆ ಹೊರಗಿನ ಹುಡುಗಿಯರು ಬಂದು ಆ ದೋಣಿಯ ಮೇಲೆ ಕೂತು ಫೋಟೊ ತೆಗೆಸಿಕೊಂಡರು. ಅತ್ತೆ ನಸೀಮಾಳಿಗೆ ಬೈಯಲಿಲ್ಲ. "ನನ್ನ ಹತ್ತಿರ ಒಂದು ಮಾತು ಕೇಳಿದ್ರೆ ನಾನು ಬೇಡ ಅಂತಿದ್ನಾ ಮಗಾ?" ಎಂದರಂತೆ. ಆಮೇಲೆ ಐದು ತಿಂಗಳು ಮಾತಾಡಲಿಲ್ಲ. ಗಂಡ ಕೇಳಿದ್ದು ಇಷ್ಟೇ: "ನಾವು ಅಂಥವರಾ?"

ಅವಳು ಪರೀಕ್ಷೆಗೆ ಕೂರಲಿಲ್ಲ. ಪುಸ್ತಕಗಳು ಖಾಲಿ ದ್ರಾಕ್ಷಿ ಪೆಟ್ಟಿಗೆಯಲ್ಲಿ ಅದೇ ಲಾರಿಯಲ್ಲಿ ತಿಕೋಟಾಕ್ಕೆ ವಾಪಸು ಬಂದವು.

ಇದೆಲ್ಲ ನನಗೆ ಅವಳೇ ಆಗಾಗ ಫೋನಿನಲ್ಲಿ ಹೇಳಿದಳು. ಮೊದಲ ಸಲ ಫೋನು ಮಾಡಿದಾಗಲೇ, ಲೇಖನವನ್ನು ತಾನು ಓದಿಲ್ಲ, ಹುಡುಕಿ ಓದುವ ಧೈರ್ಯವಿಲ್ಲ, ಯಾರೋ ಅಲೆಮಾರಿ ಅಂತೆ ಎಂದಳು. ಆಮೇಲೆ ಕೇಳಿದಳು:

"ನೀ ಬರದೇನು?"

"ಇಲ್ಲ."

ಎಷ್ಟು ಸಲೀಸಾಗಿ ಬಂತು. ಅವಳು ಉಸಿರು ಬಿಟ್ಟಳು. "ಗೊತ್ತದ ಬೇ. ನಿನ್ನ ಬಾಯಿಂದ ಮಾತು ತಗಿಬೇಕಂದ್ರ ಇಕ್ಕಳ ಬೇಕು. ಪೇಪರಿಗೆ ಟಿಪ್ಪಣಿ ಅಂದಿದ್ದಿ, ಅದಕ್ಕ ಸುಮ್ನ ಕೇಳ್ದೆ. ಹಂಗಾರ ಜುಲೇಖಾನ ಹೇಳ್ಯಾಳ. ಬ್ಯಾರೆ ಯಾರಿಗಿ ಗೊತ್ತಿತ್ತು?"

ಆಗಲೂ ನಾನು ಸುಮ್ಮನಿದ್ದೆ. ನಸೀಮಾ ನದಿ ದಾಟಿ ಹೋಗಿ ಜುಲೇಖಾರನ್ನು ಅವರ ಮನೆಯ ಮುಂದೆಯೇ ಕೇಳಿದಳು. ಜುಲೇಖಾ ಹೇಳಿದ್ದನ್ನು ನನಗೆ ವ್ಯಂಗ್ಯವಾಗಿ ಒಪ್ಪಿಸಿದಳು: "ನನಗೆ ಓದ್ಲಿಕ್ಕೇ ಬರುದಿಲ್ಲ, ಪೇಪರಿನವರಿಗೆ ನಾನು ಎಂತ ಹೇಳುದು?" ನಸೀಮಾಳಿಗೆ ಅದು ನಾಟಕವಾಗಿ ಕಂಡಿತ್ತು. ಅಲ್ಲಿಂದ ಜುಲೇಖಾರ ಜೊತೆ ಮಾತು ಬಿಟ್ಟಳು. ನನಗೂ ಚಹಾ ಕೊಟ್ಟ ಕೈ ಅದು. ಬೆರಳುಗಳಲ್ಲಿ ಬಲೆಯ ನೂಲಿನ ಗೆರೆಗಳಿದ್ದವು.

ನನ್ನ ಮೌನವನ್ನು ಜನ ಗುಣ ಎನ್ನುತ್ತಾರೆ. ಬಬಲೇಶ್ವರದಲ್ಲಿ ನಾನು ಪಾಠ ಮಾಡುವ ಕಾಲೇಜಿನಲ್ಲೂ ಹಾಗೇ ಅನ್ನುತ್ತಾರೆ: "ಮೇಡಮ್ ಯಾರ ಸುದ್ದಿಗೂ ಹೋಗಂಗಿಲ್ರಿ." ಅದನ್ನು ಕೇಳಿದಾಗಲೆಲ್ಲ ಏನನ್ನಾದರೂ ಎತ್ತಿ ಒಗೆಯಬೇಕೆನ್ನಿಸುತ್ತದೆ. ನನ್ನ ಗುಟ್ಟನ್ನು ಕಾಯುವುದು ಮಾತ್ರ ನನಗೆ ಗೊತ್ತು. ಒಮ್ಮೊಮ್ಮೆ ನಸೀಮಾಳ ಮೇಲೂ ಸಿಟ್ಟು ಬಂದದ್ದಿದೆ — ಇಷ್ಟು ಬೇಗ ಯಾಕೆ ನಂಬಿದೆ, ಇನ್ನೊಂದು ಸಲ ಯಾಕೆ ಕೇಳಲಿಲ್ಲ ಎಂದು. ನೋಡಿ, ತಪ್ಪು ಮಾಡಿದವಳ ಸಿಟ್ಟು ಎಲ್ಲಿಗೆಲ್ಲ ಹೋಗುತ್ತದೆ.

ಈ ಸೋಮವಾರ ಕಾಲೇಜು ಮುಗಿಸಿ ತಿಕೋಟಾಕ್ಕೆ ಹೋದೆ. ನಸೀಮಾ ತವರಿಗೆ ಬಂದಿದ್ದಳು. ಶೆಡ್ಡಿನ ನೆರಳಿನಲ್ಲಿ ಕೂತು ದ್ರಾಕ್ಷಿಯ ಕಡ್ಡಿ ಬಿಡಿಸುತ್ತಿದ್ದಳು. ಅವಳ ತಾಯಿ ನನ್ನ ಕೈಗೆ ಒಂದು ಹಿಡಿ ದ್ರಾಕ್ಷಿ ಹಾಕಿ, "ನೀನರ ಕಲತು ನೌಕರಿ ಹಿಡದಿ. ಈಕಿ ನೋಡು, ಪುಸ್ತಕ ಮುಟ್ಟವಲ್ಲಳು" ಎಂದರು.

"ಹೋಗ್ಲಿ ಬಿಡಬೇ ಅವ್ವಾ," ಎಂದಳು ನಸೀಮಾ. ನನ್ನ ಕಡೆ ನೋಡದೆ ಹೇಳಿದಳು: "ಜುಲೇಖಾನ ಮಗಳ ಮದವಿ ಆತಂತ. ಕರದಿದ್ಲು. ನಾ ಹೋಗಲಿಲ್ಲ. ಎಷ್ಟು ನಂಬಿದ್ದೆ ಆಕೀನ."

ನನ್ನ ಬಾಯಲ್ಲಿ ದ್ರಾಕ್ಷಿ ಇತ್ತು. ಅಗಿಯುತ್ತಾ ಕೂತೆ. ಹೊರಡುವಾಗ ಅವಳ ತಾಯಿ ರೊಟ್ಟಿ ಕಟ್ಟಿಕೊಟ್ಟರು, ಆ ಬಟ್ಟೆಯಲ್ಲಿ. "ಬಟ್ಟಿ ಮರೀದ ತಂದ ಕೊಡ" ಎಂದರು.

ಮರುದಿನ ಬೆಳಿಗ್ಗೆ ಕಾಲೇಜಿಗೆ ರಜೆ ಹೇಳಿದೆ. ರೊಟ್ಟಿಗಳನ್ನು ಡಬ್ಬಿಗೆ ಹಾಕಿ, ಬಟ್ಟೆ ಮಡಚಿ, ಮೂರು ವರ್ಷ ಕಪಾಟಿನ ತಳದಲ್ಲಿಟ್ಟಿದ್ದ ಪತ್ರಿಕೆಯ ಹಾಳೆಯನ್ನು ಅದರೊಳಗಿಟ್ಟು ಮೊದಲ ಬಸ್ಸಿಗೆ ತಿಕೋಟಾಕ್ಕೆ ಹೋದೆ. ನಸೀಮಾ ಅಂಗಳದಲ್ಲಿ ನೀರು ತುಂಬುತ್ತಿದ್ದಳು. "ಇದ ಓದು. ನಾನ ಬರದದ್ದು" ಎಂದೆ.

ಅವಳು ನಿಂತೇ ಓದಿದಳು. ಕೊಡ ತುಂಬಿ ಹರಿಯತೊಡಗಿತು. ನಲ್ಲಿ ನಿಲ್ಲಿಸಲಿಲ್ಲ. ಚೌಕಟ್ಟಿನ ವಾಕ್ಯದ ಹತ್ತಿರ ಬಂದಾಗ ಹೆಬ್ಬೆರಳು ಅಲ್ಲೇ ನಿಂತಿತು. ಪೂರ್ತಿ ಓದಿ, ಹಾಳೆಯನ್ನು ಮೊದಲಿದ್ದಂತೆಯೇ ಮಡಚಿದಳು. ನನ್ನ ಮುಖ ನೋಡಲಿಲ್ಲ. ತನ್ನ ಫೋನು ತೆಗೆದು, ಒಂದು ನಂಬರು ಹುಡುಕಿ, ಒತ್ತಿ, ನನ್ನ ಕಡೆ ಚಾಚಿದಳು.

"ನನಗ ಹೇಳಿದ್ದು ಆತು. ಆಕೀಗಿ ಹೇಳು."

ಅತ್ತ ಬಹಳ ಹೊತ್ತು ಗಂಟೆ ಬಾರಿಸಿತು. ಆಮೇಲೆ ಗಾಳಿಮರಗಳ ಸದ್ದಿನ ನಡುವೆ ಒಂದು ದನಿ: "ಹಲೋ... ಯಾರು ಮಾತಾಡುದು?"

ನಾನು ನನ್ನ ಹೆಸರು ಹೇಳಿದೆ. ಪೂರ್ತಿ ಹೆಸರು, ಅಪ್ಪನ ಹೆಸರು, ಊರು — ಎಲ್ಲ.