ಪ್ಲಗ್ ಹಾಕಬೇಕಿಲ್ಲದ ಕಾರು

ಕೆನಡಾದ ಮ್ಯಾನಿಟೋಬಾದ ನಮ್ಮ ಊರಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ಯಾರೂ ಯಾರಿಗೂ ‘ಹೋಗಿ ಬಾ’ ಎನ್ನುವುದಿಲ್ಲ. ‘ಪ್ಲಗ್ ಹಾಕಿದ್ಯಾ?’ ಎನ್ನುತ್ತೇವೆ. ಎಂಜಿನ್ನಿನ ಮೈಯೊಳಗೆ ಸಣ್ಣದೊಂದು ಹೀಟರ್ ಕೂರಿಸಿ, ಅದರ ವೈರನ್ನು ಕಾರಿನ ಮೂತಿಯಿಂದ ಹೊರಗೆ ಇಳಿಬಿಟ್ಟಿರುತ್ತೇವೆ. ನಿಲ್ಲಿಸಿದಾಗ ಅದನ್ನು ಕರೆಂಟಿಗೆ ಸಿಕ್ಕಿಸದಿದ್ದರೆ ಎಂಜಿನ್ ಎಣ್ಣೆ ಜೋನಿ ಬೆಲ್ಲದಂತಾಗಿ, ಜಪ್ಪಯ್ಯ ಅಂದರೂ ಕಾರು ಏಳುವುದಿಲ್ಲ.

ಊರಿನ ಅರ್ಧ ಕಾರುಗಳಿಗೆ ಆ ಹೀಟರ್ ಕೂರಿಸಿದವನು ನನ್ನ ಗೆಳೆಯ ಝೆನೊನ್ ಹ್ರಿತ್ಸಾಕ್. ಈ ಫೆಬ್ರವರಿಯಲ್ಲಿ ತೀರಿಕೊಂಡ. ಅವನ ಬಗ್ಗೆ ಬರೆಯೋಣವೆಂದು ಕೂತರೆ ನನ್ನದೇ ಪೆದ್ದುತನ ನೆನಪಾಗುತ್ತದೆ, ಅದಕ್ಕವನು ನಕ್ಕ ನಗು ನೆನಪಾಗುತ್ತದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಕಳೆದ ಸೆಪ್ಟೆಂಬರಿನಲ್ಲಿ ವ್ಯಾಂಕೂವರಿಗೆ ಹೋಗಿದ್ದಾಗ ಪೆಟ್ರೋಲು, ಬ್ಯಾಟರಿ ಎರಡರಲ್ಲೂ ಓಡುವ ಒಂದು ಹಳೆಯ ಹೈಬ್ರಿಡ್ ಕಾರು ಕೊಂಡೆ. ‘ಇದಕ್ಕೆ ಪ್ಲಗ್ ಹಾಕೋದೇ ಬೇಡ ಸರ್’ ಎಂದಳು ಮಾರಿದಾಕೆ. ಓಡುತ್ತಾ ಓಡುತ್ತಾ ಬ್ಯಾಟರಿ ತಾನೇ ಚಾರ್ಜ್ ಆಗುತ್ತದೆ ಎಂಬುದು ಅವಳ ಮಾತಿನ ಅರ್ಥ. ನಮ್ಮೂರಿನ ಕಿವಿಗೆ ಅದು ಬೇರೆಯೇ ಕೇಳಿಸಿತು: ಹೀಟರ್ ಬೇಡದ ಕಾರು! ಮೂವತ್ತಾರು ವರ್ಷ ಶಾಲೆಯ ಲೈಬ್ರರಿ ನೋಡಿಕೊಂಡ ನಾನು, ಕಾರಿನ ಜೊತೆ ಕೊಟ್ಟ ಪುಸ್ತಕವನ್ನು ತೆರೆದೂ ನೋಡದೆ ಖುಷಿಯಿಂದ ಓಡಿಸಿಕೊಂಡು ಬಂದೆ.

ಡಿಸೆಂಬರಿನ ಮೊದಲ ವಾರ ಮೈನಸ್ ಮೂವತ್ನಾಲ್ಕು. ಕಾರು ಕೆಮ್ಮಿತು, ನಡುಗಿತು, ಇದ್ದಬದ್ದ ದೀಪಗಳನ್ನೆಲ್ಲ ಹೊತ್ತಿಸಿ ಸುಮ್ಮನಾಯಿತು. ಝೆನೊನ್‌ಗೆ ಫೋನ್ ಮಾಡಿದೆ.

“ಪ್ಲಗ್ ಹಾಕಿದ್ಯಾ?”

“ಇದಕ್ಕೆ ಪ್ಲಗ್ ಬೇಡ್ವಂತೆ ಕಣೋ.”

“ಯಾರು ಹೇಳಿದ್ದು?”

“ವ್ಯಾಂಕೂವರಿನವಳು.”

“ಲೇ ಮೇಷ್ಟ್ರೇ, ಅಲ್ಲಿ ಫೆಬ್ರವರೀಲಿ ಹೂವು ಬಿಡುತ್ತೆ ಕಣೋ!”

ಆಮೇಲೆ ಬರೀ ನಗು. ಎಷ್ಟೆಂದರೆ ಅವನ ಹೆಂಡತಿ ಸ್ಟೆಫಾ ಬಂದು ಫೋನ್ ಕಿತ್ತುಕೊಂಡು, “ಏನ್ ಮಾಡ್ದೆ ನನ್ನ ಗಂಡನಿಗೆ? ಉಸಿರೇ ಸಿಗ್ತಿಲ್ಲ ಅವನಿಗೆ” ಎಂದಳು.

ಆ ನಗು ಕೇಳಿ ತಿಂಗಳುಗಳಾಗಿದ್ದವು. ಕ್ಯಾನ್ಸರಿಗೆ ಕೊಟ್ಟ ಔಷಧಿ ಅವನ ಬೆರಳುಗಳ ಸ್ಪರ್ಶವನ್ನೇ ತಿಂದುಹಾಕಿತ್ತು. ‘ಬೇಜಾರಾಯ್ತಪ್ಪ, ಸಾಕು’ ಎಂದು ಊರಿಗೆಲ್ಲ ಹೇಳಿ ಗ್ಯಾರೇಜು ಮುಚ್ಚಿದ್ದ. ಅವನ ಅಂಗಿಯ ಗುಂಡಿಗಳನ್ನು ಸ್ಟೆಫಾ ಹಾಕುತ್ತಾಳೆಂಬುದು ಅವರಿಬ್ಬರನ್ನು ಬಿಟ್ಟರೆ ನನಗೊಬ್ಬನಿಗೇ ಗೊತ್ತಿತ್ತು. ಹಾಗಾಗಿ, “ಲಾರಿ ಮೇಲೆ ಹಾಕ್ಕೊಂಡು ಬಾ, ನಾನೇ ಹೀಟರ್ ಕೂರಿಸ್ತೀನಿ” ಎಂದು ಅವನೆಂದಾಗ, ಬೇಡವೆನ್ನಲು ಹೊರಟವನು ಸರಿ ಎಂದೆ. ತನ್ನ ಕೈ ಇನ್ನೂ ತನ್ನ ಮಾತು ಕೇಳುತ್ತದೆಯೇ ಎಂದು ಅವನಿಗೆ ತಿಳಿಯಬೇಕಿತ್ತು. ನನ್ನ ಕಾರು ಒಂದು ನೆಪ.

ಎರಡು ದಿನದಲ್ಲಿ ಹೀಟರ್ ತರಿಸಿದ. ಹೆಬ್ಬೆರಳಷ್ಟು ದಪ್ಪದ ಕಡ್ಡಿ, ಅಷ್ಟೆ.

“ಮೊದ್ಲು ಕೀ ತಗೊಂಡ್ಹೋಗಿ ಅಡುಗೆಮನೆ ಡಬ್ಬೀಲಿಡು,” ಎಂದ. “ಕೀ ಹತ್ರ ಇದ್ರೆ ಈ ಪ್ರಾಣಿ ಸತ್ತಿದ್ಯೋ ಮಲಗಿದ್ಯೋ ಗೊತ್ತಾಗಲ್ಲ. ಕೈ ಒಳಗಿರೋವಾಗ ಎದ್ದುಬಿಟ್ರೆ? ಮತ್ತೆ ಆ ಕಿತ್ತಳೆ ಬಣ್ಣದ ವೈರ್ ಮುಟ್ಬೇಡ. ಮುಟ್ಟಿದ್ರೆ ನನಗಿಂತ ಮೊದ್ಲು ನೀನು ಹೋಗ್ತೀಯ.”

ಹೀಟರ್ ಕೂರುವ ತೂತು ಎಂಜಿನ್ನಿನ ಹಿಂಬದಿಯಲ್ಲಿ, ಕಾರಿನ ತಗಡುಗೋಡೆಗೂ ಅದಕ್ಕೂ ನಡುವಿನ ಸಂದಿಯಲ್ಲಿ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಂದಲೇ ಹುಡುಕಬೇಕು. ಝೆನೊನ್ ಮೊಣಕೈವರೆಗೂ ಕೈ ಇಳಿಸಿದ. ಠಣ್ ಎಂದು ಹೀಟರ್ ಕೆಳಗೆ ಬಿತ್ತು. ಎತ್ತಿಕೊಟ್ಟೆ. ಮತ್ತೆ ಬಿತ್ತು. ಮೂರನೆಯ ಸಲ ಬಿದ್ದಾಗ ಅವನೇ ಎತ್ತಿಕೊಂಡು, ಒರೆಸಿ, ಸ್ಟೂಲಿನ ಮೇಲೆ ಕೂತ.

“ಎಲ್ಲಿದೆ ಅಂತ ನನಗೆ ಗೊತ್ತು ಕಣೋ. ಬೆರಳಿಗೆ ಗೊತ್ತಾಗ್ತಿಲ್ಲ.”

ನಾನು ಫ್ಲಾಸ್ಕಿನಿಂದ ಚಹಾ ಬಗ್ಗಿಸಿದೆ. ಎರಡೂ ಅಂಗೈಗಳಲ್ಲಿ ಲೋಟ ಹಿಡಿದು ಕುಡಿದ. ಆಮೇಲೆ, “ಕೈ ತೋರ್ಸು” ಎಂದ.

ತೋರಿಸಿದೆ.

“ತೆಳ್ಳಗಿದೆ, ಉದ್ದ ಇದೆ, ಹುಟ್ಟಿದಾಗಿನಿಂದ ಒಂದಿನ ದುಡಿದಿಲ್ಲ. ಸರಿ, ತೋಳು ಮಡಚು.”

“ನಾನಾ?”

“ಕಪಾಟಿನ ಹಿಂದೆ ಬಿದ್ದ ಪುಸ್ತಕ ತೆಗ್ದಿಲ್ವಾ? ಹಾಗೇ.”

ಸ್ಟೂಲಿನ ಮೇಲೆ ಕೂತವನು ಕಣ್ಣು ಮುಚ್ಚಿಕೊಂಡ. “ಒಂದು ಪೈಪ್ ಸಿಗುತ್ತೆ. ಸಿಕ್ತಾ? ಅದರ ಕೆಳಗೆ ಹೋಗು. ಅವಸರ ಮಾಡ್ಬೇಡ. ಒಂದು ಉಬ್ಬು ಸಿಗುತ್ತೆ, ದಾಟು.”

“ತೂತು! ತೂತು ಸಿಕ್ತು!”

“ಕೂಗ್ಬೇಡ, ಓಡಿಹೋಗಲ್ಲ ಅದು. ಈಚೆ ಬಂದು ಕಡ್ಡಿಗೆ ಮುಲಾಮು ಹಚ್ಚು. ಜಿಪುಣ ಬೆಣ್ಣೆ ಹಚ್ಚಿದ ಹಾಗೆ ಮಾಡ್ಬೇಡ, ಬಳಿ. ಬಿಸಿ ಎಂಜಿನ್ನಿಗೆ ದಾಟೋದು ಅದರಿಂದಲೇ, ಇಲ್ದಿದ್ರೆ ಹೀಟರ್ ಸುಟ್ಟುಹೋಗುತ್ತೆ.”

ಬಳಿದು, ಮತ್ತೆ ಕೈ ಇಳಿಸಿ, ತಳ್ಳಿದೆ. ಕಟಕ್ ಎಂದಿತು. ಬೆರಳ ಗಂಟುಗಳೆಲ್ಲ ತರಚಿದ್ದರಿಂದ ನನಗೆ ಏನೂ ತಿಳಿಯಲಿಲ್ಲ. ಶಬ್ದ ಕೇಳಿ ಕಣ್ಣು ತೆರೆದವನು ಅವನು.

ಮೂತಿಯ ಹತ್ತಿರ ವೈರನ್ನು ನಾನು ಬಿಗಿಯಾಗಿ ಕಟ್ಟಲು ಹೋದಾಗ ತಡೆದ. “ಸಡಿಲ ಬಿಡು, ತುದಿ ನೇರ ಮುಂದಕ್ಕೆ ಬರಲಿ. ಪ್ಲಗ್ ತೆಗೀದೆ ಹೊರಟುಬಿಟ್ರೆ ಅದು ತಾನೇ ಕಳಚ್ಕೋಬೇಕು, ಮೂತಿ ಕಿತ್ಕೊಂಡು ಬರಬಾರ್ದು. ನಾನು ದಡ್ಡರಿಗೆ ಅಂತಾನೇ ಕೂರ್ಸೋದು.”

ತಾನು ಕೂರಿಸಿದ ಪ್ರತಿ ಹೀಟರಿನ ಪ್ಲಗ್ಗಿಗೂ ಅವನು ಹಸಿರು ಟೇಪಿನ ಎರಡು ಸುತ್ತು ಹಾಕುತ್ತಿದ್ದ. ಅದೇ ಅವನ ಸಹಿ. ಟೇಪಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆದು, ನಿಧಾನವಾಗಿ ಒಂದು ಸುತ್ತು ಹಾಕಿದ. ಉಳಿದ ಸುರುಳಿಯನ್ನು ನನ್ನ ಕೈಗಿಟ್ಟ. “ಎರಡನೇದು ನಿಂದು. ಊರಿಗೆ ಹೇಳ್ಬೇಡ.”

“ಏನಂತ?”

“ಮೇಷ್ಟ್ರು ಕೆಲ್ಸ ಮಾಡಿದ್ರು ಅಂತ. ಯಾರೂ ನಂಬಲ್ಲ.”

ಅವನ ಮಣ್ಣಿನ ದಿನವೂ ಮೈನಸ್ ಮೂವತ್ತು. ಚರ್ಚಿನ ಅಂಗಳದಲ್ಲಿ ಕಾರುಗಳೆಲ್ಲ ಸಾಲಾಗಿ ಪ್ಲಗ್ ಹಾಕಿಸಿಕೊಂಡು ನಿಂತಿದ್ದವು. ಎಲ್ಲಿ ನೋಡಿದರೂ ಎರಡೆರಡು ಹಸಿರು ಸುತ್ತು. ಊಟದ ಮನೆಯಲ್ಲಿ ಪೆರೋಗಿ ಕಡುಬು ತಿನ್ನುತ್ತಾ ಒಬ್ಬರಲ್ಲ ಒಬ್ಬರು ನನಗೆ ಹೇಳಿದರು: “ನಿನ್ನ ಕಾರೇ ಅವನ ಕಡೇ ಕೆಲ್ಸ. ಕೊನೇವರೆಗೂ ಎಂಥಾ ಕೈ ಅವನದ್ದು!” ಹೌದು, ಹೌದು ಎಂದೆ.

ಹೊರಗೆ ಬಂದು ಕಾರಲ್ಲಿ ಕೂತೆ. ಹೊರಡುವಾಗ ಹೈಬ್ರಿಡ್ ಸದ್ದು ಮಾಡುವುದಿಲ್ಲ. ಯೋಚನೆಯಲ್ಲಿದ್ದವನು ಹಾಗೇ ಹಿಂದಕ್ಕೆ ತೆಗೆದೆ.

“ವೈರು! ಮೇಷ್ಟ್ರೇ, ವೈರು!”

ಟಪ್ ಎಂದು ಪ್ಲಗ್ ಕಳಚಿಕೊಂಡಿತು. ಮೂತಿ ಅಲ್ಲೇ ಇತ್ತು. ಕಪ್ಪು ಕೋಟುಗಳಲ್ಲಿ ನಿಂತಿದ್ದ ಇಡೀ ಊರು, ಬಾಯಿಂದ ಹಬೆ ಬಿಡುತ್ತಾ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸ್ಟೆಫಾಳೂ ನಕ್ಕಳು. ಹತ್ತಿರ ಬಂದು ಬಗ್ಗಿ, ನನ್ನ ಪ್ಲಗ್ಗನ್ನು ಕೈಯಲ್ಲಿ ಹಿಡಿದು ನೋಡಿದಳು.

“ಒಂದು ಸುತ್ತು ನೆಟ್ಟಗಿದೆ, ಒಂದು ಸೊಟ್ಟಗಿದೆ.”

“ನೆಟ್ಟಗಿರೋದು ನಂದು,” ಎಂದೆ ಮೆಲ್ಲಗೆ.

“ಗೊತ್ತು. ಸೊಟ್ಟಗಿರೋದನ್ನ ಬಿಚ್ಬೇಡ.”