ವುಡ್‌ಬಿ ಎಂದರೆ ಯಾರು?

ಮಾಜಿವಾಡಾದಿಂದ ಹೊರಟ ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗಿ ಒಂದೇ ವಾಕ್ಯವನ್ನು ಬಾಯಿಪಾಠ ಮಾಡುತ್ತಿದ್ದಳು: "ಅಜ್ಜೀ, ಇವರು ನನ್ನ ವುಡ್‌ಬಿ." ಈ ಮರಾಠಿ ನಾಡಿನಲ್ಲಿ ಕನ್ನಡ ಕಿವಿಗೆ ಬಿದ್ದ ಮೇಲೆ ನಾನು ಸುಮ್ಮನಿರುವುದುಂಟೇ? ಅದೂ ರಿಟೈರ್ ಆದವನು!

"ವುಡ್‌ಬಿ ಏನಮ್ಮಾ? ಡಾಕ್ಟರಾ, ವಕೀಲರಾ?"

"ಹಸ್ಬೆಂಡ್, ಅಂಕಲ್! ಉಡುಪಿಯಿಂದ ಅಜ್ಜಿ ಬಂದಿದ್ದಾರೆ. ಇವತ್ತು ಅವನನ್ನು ನೋಡಿ ಅವರು ಒಪ್ಪಿದ್ರೇನೇ ಮದುವೆ."

"ಅದು ಗುಣವಾಚಕ, ಮುಂದೊಂದು ನಾಮಪದ ಬೇಕು. ಅಲ್ಲದೆ ಇಂಗ್ಲಿಷಿನವರು ಹಾಗನ್ನುವುದು ಹೆಚ್ಚಾಗಿ, ಆಗಬೇಕೆಂದು ಒದ್ದಾಡಿ ಆಗದೇ ಉಳಿದವನಿಗೆ," ಎಂದುಬಿಟ್ಟೆ.

ಅವಳ ಮುಖ ಬಾಡಿತು. "ಅರೇ ದೇವಾ! ಮತ್ತೇನು ಹೇಳ್ಲಿ?"

"ಭಾವಿ ಪತಿ ಅನ್ನು."

"ಬಾವಿ ಪತಿ," ಎಂದಳು.

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದರು. "ಬಾವಿ ಉಂಟಾ ಅವನಿಗೆ? ಘೋಡಬಂದರ್ ರಸ್ತೆಯಲ್ಲಿ ನಾವು ನೀರಿನ ಟ್ಯಾಂಕರ್ ಕಾಯ್ತಾ ಕೂತಿದ್ದೇವೆ ಮಾರಾಯ್ತಿ! ಬಿಡಬೇಡ ಅವನನ್ನು!"

ಭಾವಿ, ಬಾವಿ, ಭಾವ... ಹತ್ತು ಸಲ ಹೇಳಿಕೊಡುವಷ್ಟರಲ್ಲಿ ಯಾವುದು ಸರಿಯೆಂದು ನನಗೇ ಗೊಂದಲವಾಯಿತು. ಹುಡುಗಿ ಫೋನ್ ತೆಗೆದು ಅವನಿಗೇ ಹಿಂದಿಯಲ್ಲಿ ಅಂದಳು: "ನೋಡು, ನಾನೇನೂ ಹೇಳೋದಿಲ್ಲ. ನೀನು ಬಂದ ಕೂಡಲೇ ಅಜ್ಜಿಯ ಕಾಲಿಗೆ ಬಿದ್ದುಬಿಡು."

ಆ ವಾಕ್ಯದಲ್ಲಿ ತಿದ್ದಲು ನನಗೇನೂ ಸಿಗಲಿಲ್ಲ.