ಕಂಬಳಿ ಕಾಯುತ್ತಿದ್ದ ನಾಯಿಯೊಡನೆ ದುರ್ಗದಾಚೆಗೆ

ಚಿಕ್ಕಜಾಜೂರಿನಲ್ಲಿ ರೈಲಿನಿಂದ ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಬೇಸಿಗೆ ರಜ ಕಳೆದು ದುರ್ಗದ ಶಾಲೆಗೆ ಪಾಠ ಹೇಳಲು ಹಿಂದಿರುಗುತ್ತಿದ್ದೆ. ನಿಲ್ದಾಣದ ಹೊರಗೆ ಹುಣಸೆಮರದ ಕೆಳಗೆ, ಹರಕು ಕಂಬಳಿಯ ಮೇಲೆ ಒಂದು ಕರಿ ನಾಯಿ ಕುಳಿತಿತ್ತು. "ನಾಕು ದಿನ ಆತು ಸ್ವಾಮಿ. ಕಂಬಳಿ ಬಿಟ್ಟು ಏಳಾದಿಲ್ಲ," ಎಂದ ಗಾಡಿಯವನು. ಯಾವನೋ ಕುರಿ ಕಾಯುವವನು ರೈಲು ಹತ್ತುವ ಗಡಿಬಿಡಿಯಲ್ಲಿ ಎರಡನ್ನೂ ಮರೆತಿದ್ದಾನೆ, ಪಾಪ, ಎಷ್ಟು ಹುಡುಕುತ್ತಿದ್ದಾನೋ ಎಂದುಕೊಂಡೆ.

ಊರ ಉಸಾಬರಿ ಹೊತ್ತುಕೊಳ್ಳುವುದು ನನ್ನ ಹುಟ್ಟುಗುಣ. ಬುತ್ತಿಯ ರೊಟ್ಟಿ ಹಾಕಿ ಪುಸಲಾಯಿಸಿ, ಕಂಬಳಿಯನ್ನು ಹೆಗಲಿಗೇರಿಸಿದೆ. ನಾಯಿ ಗುರುಗುಟ್ಟಿತು, ಆಮೇಲೆ ಕಂಬಳಿಯ ಹಿಂದೆಯೇ ಹೊರಟಿತು. ಗಾಡಿಯವನು ನನಗೆ ಎಂಟಾಣೆ, ನಾಯಿಗೆ ಒಂದಾಣೆ ಕೇಳಿದ. ಅದು ಗಾಡಿ ಹತ್ತದೆ ನಡೆದೇ ಬಂದು ನನ್ನ ಒಂದಾಣೆ ಉಳಿಸಿತು.

ಹೊಳಲ್ಕೆರೆಯ ಛತ್ರದಲ್ಲಿ ತಂಗಿ ಮರುದಿನ ದುರ್ಗ ಸೇರಿದೆವು. ಒಡೆಯನ ಗುರುತು ಸಿಕ್ಕೀತೆಂದು ಕಂಬಳಿಯನ್ನು ಪೇಟೆಯ ಕಂಬಳಿ ವ್ಯಾಪಾರಿಗೆ ತೋರಿಸಿದೆ. ಅವನು ಅಂಚಿನ ಹೊಲಿಗೆ ನೋಡಿದವನೇ, "ಇದು ಕುರಿ ಚಿಕ್ಕಣ್ಣನ ಹೆಂಡ್ತಿ ಕೈ ಕೆಲಸ. ಹಿರಿಯೂರು ದಾರಿಯಾಗೆ ಆರು ಮೈಲಿ ಹೋಗ್ರಿ, ಬಲಕ್ಕೆ ಹಟ್ಟಿ ಐತೆ," ಎಂದ. ಮೂರನೆಯ ದಿನ ನಸುಕಿಗೇ ಹೊರಟೆ. ನಾಯಿ ದಾರಿ ಗುರುತು ಹಿಡಿದು ಮುಂದೆ ಓಡತೊಡಗಿತು. ಒಂದು ಲೋಟ ಮಜ್ಜಿಗೆಯಾದರೂ ಸಿಕ್ಕೀತೆಂದು ನಾನೂ ಹಿಗ್ಗಿದ್ದೆ.

ಹಟ್ಟಿ ಮುಟ್ಟಿದಾಗ ಚಿಕ್ಕಣ್ಣನ ಹೆಂಡತಿ ನಾಯಿಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಚಿಕ್ಕಣ್ಣನ ಮುಖ ಬಿಳಿಚಿತು. "ಯಾಕೆ ತಂದ್ರಿ ಸ್ವಾಮಿ? ಅದು ಕಳೆದಿರಲಿಲ್ಲ. ಕುರಿಮರಿ ಕೊಂದು ತಿಂತು. ರಕ್ತದ ರುಚಿ ಕಂಡ ನಾಯಿನ ಕೊಲ್ಲಬೇಕು ಅನ್ನಾದು ಹಟ್ಟಿ ಕಟ್ಟುಪಾಡು. ನನಗೆ ಕೈ ಬರಲಿಲ್ಲ. ಎರಡು ದಿನ ನಡೆದು, ಕಂಬಳಿ ಹಾಸಿ, ಕಾಯ್ಕಂಡಿರು ಅಂತ ಹೇಳಿ ಬಂದೆ. ಇನ್ನು ಹಟ್ಟಿ ಹಿರೇರು ಇದನ್ನ ಬಿಡಾದಿಲ್ಲ."

ಗುಡಿಸಲುಗಳ ಕಡೆಯಿಂದ ಇಬ್ಬರು ಮುದುಕರು ದೊಣ್ಣೆ ಹಿಡಿದು ಬರುತ್ತಿದ್ದರು. ಬದುಕಿಕೊಂಡಿದ್ದ ಪ್ರಾಣಿಯನ್ನು ಮೂರು ದಿನ ನಡೆಸಿ ನಾನೇ ಸಾವಿನ ಬಾಯಿಗೆ ತಂದಿದ್ದೆ. "ನನಗೆ ಕೊಟ್ಟುಬಿಡಿ. ನಮ್ಮ ಮನೆಯಲ್ಲಿ ಕುರಿಯಿಲ್ಲ," ಎಂದು ಆ ಮುದುಕರಿಗೆ ಕೈಮುಗಿದೆ.

ಮುದುಕರು ಮುಖ ಮುಖ ನೋಡಿಕೊಂಡು ದೊಣ್ಣೆ ಇಳಿಸಿದರು. ಚಿಕ್ಕಣ್ಣ ಕಂಬಳಿಯನ್ನು ನನ್ನ ಹೆಗಲ ಮೇಲೆ ಹೊದಿಸಿ, ನಾಯಿಗೆ "ಕಾಯ್ಕಂಡಿರು" ಎಂದ. ಅದು ಸುಮ್ಮನೆ ಬಂದು ನನ್ನ ಕಾಲ ಬಳಿ ನಿಂತಿತು.

"ಇದರ ಹೆಸರೇನಪ್ಪ?" ಎಂದು ಕೇಳಿದೆ.

"ಕೇಳಬ್ಯಾಡ್ರಿ. ಬ್ಯಾರೆ ಹೆಸರು ಇಟ್ಕಳ್ರಿ. ಹಳೇ ಹೆಸರು ಕೂಗಿದ್ರೆ ನಮ್ಮ ಹತ್ರನೇ ಓಡಿ ಬರ್ತೈತೆ."

ಏರು ಹತ್ತಿ ತಿರುಗಿ ನೋಡಿದೆ. ಚಿಕ್ಕಣ್ಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ.